ಬಿಸ್ಮಿಲ್ಲಾ ಹೇಳುವಷ್ಟು ಹೊತ್ತು

ಪಡೀಲಿನ ರೈಲ್ವೆ ಸೇತುವೆಯ ಅಡಿಯಲ್ಲಿ ಮಳೆನೀರು ಕಟ್ಟಿಕೊಂಡರೆ ಆಚೆಯ ಬಸ್ಸು ಆಚೆ, ಈಚೆಯ ಬಸ್ಸು ಈಚೆ. ಈ ಸಲದ ಜೂನ್‌ನಲ್ಲಿ ನಾನಿದ್ದ ಬಸ್ಸೂ ಹಾಗೆ ನಿಂತಿತು. ಸದ್ಯಕ್ಕೆ ಹೊರಡುವ ಅಂದಾಜಿಲ್ಲ, ಇಳಿಯುವವರು ಇಳಿಯಬಹುದು ಎಂದು ಕಂಡಕ್ಟರ್ ಹೇಳಿದ. ತಾಳ್ಮೆ ಎನ್ನುವುದು ನನಗೆ ಹುಟ್ಟಿನಿಂದಲೇ ಕಡಿಮೆ. ಇಳಿದೆ. ಕೊಡೆ ಬಿಡಿಸುವಷ್ಟರಲ್ಲಿ ಅರ್ಧ ನೆನೆದು, ಓಡಿಹೋಗಿ ರಸ್ತೆ ಬದಿಯ ಅಂಗಡಿಗಳ ತಗಡಿನ ಮಾಡಿನ ಕೆಳಗೆ ನಿಂತೆ. ಆಗ ಆ ವಾಸನೆ ಬಂತು. ಒದ್ದೆ ಕೊಡೆಗಳದ್ದು, ಬಿಸಿಯಾದ ಪ್ರಿಂಟರಿನದ್ದು, ಅವುಗಳ ನಡುವೆ ಸ್ವಲ್ಪ ಅತ್ತರಿನದ್ದು.

ತಲೆ ಎತ್ತಿ ಬೋರ್ಡು ನೋಡುವ ಅಗತ್ಯವೇ ಇರಲಿಲ್ಲ. ಅದು ನಝೀರನ ಅಂಗಡಿ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟು, ಝೆರಾಕ್ಸ್, ಎಲ್ಲದಕ್ಕೂ ಅರ್ಜಿ ತುಂಬಿಕೊಡುವ ಜಾಗ. ನಾನು ಅಲ್ಲಿಗೆ ಹೋಗದೆ ವರ್ಷಗಳೇ ಆಗಿದ್ದವು. ಅಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದ ಹಸನಾಕ ಇನ್ನೂ ಇದ್ದಾರೋ ಇಲ್ಲವೋ ತಿಳಿಯದೆ ಆ ಬಾಗಿಲಲ್ಲಿ ಇಣುಕಲು ನನಗೆ ನಿಜವಾಗಿಯೂ ಭಯವಾಯಿತು. ಬಾಗಿಲಿಗೆ ಬೆನ್ನು ಹಾಕಿ ಮಳೆ ನೋಡುತ್ತಾ ನಿಂತೆ. ಹಾಗೆ ನಿಂತಲ್ಲೇ, ಬೇಡ ಎಂದರೂ, ಆ ಒಂದು ಮಳೆಗಾಲ ಇಡಿಯಾಗಿ ನೆನಪಾಯಿತು.

ಆಗ ನಾನು ಮಣ್ಣಗುಡ್ಡದಲ್ಲಿ ಎರಡು ಕೋಣೆಯ ಒಂದು ಕಂಪೆನಿಯಲ್ಲಿದ್ದೆ. ಅಂಗಡಿಗಳಿಗೆ ಬಿಲ್ಲು ಮಾಡುವ ಪ್ರೋಗ್ರಾಂ ಬರೆದು ಮಾರುವುದು, ಅದು ಕೈಕೊಟ್ಟಾಗ ಹೋಗಿ ಸರಿಮಾಡುವುದು ನಮ್ಮ ಕಸುಬು. ಮಾರುವುದು ಧಣಿಯ ಪಾಲಿಗೆ, ಕೈಕೊಟ್ಟಾಗ ಬೈಸಿಕೊಳ್ಳುವುದು ನನ್ನ ಪಾಲಿಗೆ. ಎಲ್ಲವನ್ನೂ ಬರೆಯುತ್ತಿದ್ದದ್ದು ಜಾವಾದಲ್ಲಿ. ಜಾವಾ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ತುಳು ಬಿಟ್ಟರೆ ನನಗೆ ನೆಟ್ಟಗೆ ಬರುವ ಭಾಷೆ ಅದೊಂದೇ ಎಂದು ಅಮ್ಮ ಛೇಡಿಸುತ್ತಿದ್ದಳು. ಉರ್ವದ ಮನೆಯಿಂದ ರೈನ್‌ಕೋಟು ತೊಟ್ಟು ಸ್ಕೂಟರಿನಲ್ಲಿ ಹೊರಟರೆ ಊರಿನ ಯಾವ ಮೂಲೆಯ ಅಂಗಡಿಯಲ್ಲಿ ಇಳಿಯುತ್ತೇನೆ ಎಂದು ನನಗೇ ಗೊತ್ತಿರುತ್ತಿರಲಿಲ್ಲ. ಹಾಗೆ ಒಂದು ದಿನ ಇಳಿದದ್ದು ಪಡೀಲಿನಲ್ಲಿ. ನಝೀರನ ಬಿಲ್ಲು ಪ್ರಿಂಟ್ ಆಗುತ್ತಿರಲಿಲ್ಲ.

ಮೇಜಿನ ಅಡಿಗೆ ತೂರಿ ಪ್ರಿಂಟರಿನ ತಂತಿ ಎಳೆದಾಡುತ್ತಿದ್ದಾಗ ಪಕ್ಕದ ಮೇಜಿನಿಂದ ಟಕ್ ಎಂದು ಒಂದು ಕೀ ಒತ್ತಿದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಯಾರಪ್ಪಾ ಇದು, ಅಕ್ಷರ ಹುಡುಕುತ್ತಿರುವುದೋ ಅಥವಾ ನಿದ್ದೆ ಮಾಡುತ್ತಿರುವುದೋ ಎಂದು ತಲೆ ಹೊರಗೆ ಹಾಕಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತರಿಸಿದ ನರೆಗಡ್ಡ, ಅತ್ತರಿನ ಪರಿಮಳ. ಬಲಗೈ ಮಡಿಲಲ್ಲಿತ್ತು, ಅದರ ಮೇಲೊಂದು ಕರವಸ್ತ್ರ ಹೊದೆಸಿದ್ದರು. ಎಡಗೈಯ ಬೆರಳೊಂದು ಕೀಬೋರ್ಡಿನ ಮೇಲೆ ಅಲೆಯುತ್ತಿತ್ತು.

ಅವರು ನಝೀರನ ಅಣ್ಣ ಹಸನ್. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರ ಹೆಸರಿಗೆ ‘ಆಕ’ ಎಂದು ಸೇರಿಸಿ ಕರೆಯುವುದುಂಟು, ಹಾಗಾಗಿ ಎಲ್ಲರಿಗೂ ಹಸನಾಕ. ಶಾರ್ಜಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಆಯುಷ್ಯದ ಹೆಚ್ಚಿನ ಪಾಲು ಕಳೆದವರು. ಅಲ್ಲಿ ಜನರ ಪರವಾಗಿ ವೀಸಾದ್ದೋ ಕೆಲಸದ್ದೋ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಗಳಿವೆಯಂತೆ. ಇಂಗ್ಲಿಷಿರಲಿ ಅರಬಿಯಿರಲಿ, ಇವರ ಹತ್ತೂ ಬೆರಳು ಓಡುತ್ತಿದ್ದವಂತೆ. ತನ್ನ ಕೌಂಟರಿನ ಎದುರು ಕ್ಯೂ, ಉಳಿದವರ ಕೌಂಟರಿನ ಎದುರು ನೊಣ ಎಂದು ಅವರೇ ನನಗೆ ಹೇಳಿದ್ದು. ವಿನಯ ಅವರ ಗುಣಗಳ ಪೈಕಿ ಇರಲಿಲ್ಲ. ಒಂದು ಬೆಳಿಗ್ಗೆ ಅಲ್ಲೇ ಸ್ಟ್ರೋಕ್ ಆಯಿತು. ಕಾಲು ತಿರುಗಿ ಬಂತು, ಮಾತು ತಿರುಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಊರಿಗೆ ಬಂದವರಿಗೆ ನಝೀರ್ ತನ್ನ ಅಂಗಡಿಯಲ್ಲಿ ಕಂಪ್ಯೂಟರಿನ ಎದುರು ಒಂದು ಕುರ್ಚಿ ಕೊಟ್ಟಿದ್ದ.

ನಾನು ನೋಡುತ್ತಿದ್ದಂತೆ ಅವರ ಎದುರಿನ ಪುಟ ತಟಕ್ಕನೆ ಬದಲಾಯಿತು. ವೀಸಾ ಅರ್ಜಿಯ ಪುಟ ಅದು. ಇಂತಿಷ್ಟು ಹೊತ್ತಿನೊಳಗೆ ತುಂಬದಿದ್ದರೆ ಬರೆದದ್ದನ್ನೆಲ್ಲ ನುಂಗಿ ಮತ್ತೆ ಮೊದಲ ಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು. ಬೇರೆಲ್ಲೋ ಬರೆದಿಟ್ಟು ತಂದು ಅಂಟಿಸುತ್ತೇವೆ ಎಂದರೆ ಅದೂ ಆಗದು. ಪೇಸ್ಟ್ ಮಾಡಿದ ಅಕ್ಷರಗಳನ್ನು ಕೆಂಪು ಗೆರೆ ಎಳೆದು ತಿರಸ್ಕರಿಸುತ್ತಿತ್ತು. ಒಂದೊಂದೇ ಕೀ ಒತ್ತಿದ್ದು ಗೊತ್ತಾದರೆ ಮಾತ್ರ ಅದಕ್ಕೆ ನಂಬಿಕೆ. ಹಸನಾಕ ಬೈಯಲಿಲ್ಲ, ಮೇಜು ಕುಟ್ಟಲಿಲ್ಲ. ಬೆನ್ನು ನೇರ ಮಾಡಿ, ತುಟಿಯಲ್ಲೇ ಬಿಸ್ಮಿಲ್ಲಾ ಎಂದು ದೇವರ ಹೆಸರು ಹೇಳಿ, ಮೊದಲಿನ ಅಕ್ಷರದಿಂದ ಪುನಃ ಶುರುಮಾಡಿದರು. ಫೋಟೋಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಿಡಿದು ಕಾಯುತ್ತಿದ್ದ ಗಿರಾಕಿ ಗಡಿಯಾರ ನೋಡಿದ, ಮಳೆ ನೋಡಿದ, ಮೆಲ್ಲಗೆ ಎದ್ದು ಆಚೆಯ ಅಂಗಡಿಗೆ ಹೋದ.

ನಝೀರ್ ನನ್ನನ್ನು ಹೊರಗೆ ಮಾಡಿನ ಕೆಳಗೆ ಕರೆದು ತಗ್ಗಿದ ದನಿಯಲ್ಲಿ ಮಾತಾಡಿದ. ಮಳೆಗಾಲ ಮುಗಿದ ಮೇಲೆ ಕಂಪ್ಯೂಟರ್ ಕಲಿತ ಯಾರನ್ನಾದರೂ ಕೂರಿಸಬೇಕು, ನಿಮಗೆ ಗೊತ್ತಿರುವವರು ಇದ್ದರೆ ಹೇಳಿ ಎಂದ. ಅಣ್ಣನ ಮೇಲೆ ಅವನಿಗೆ ಬೇಸರವಿರಲಿಲ್ಲ. ಜೀವಮಾನವಿಡೀ ದುಡಿದವರು, ಇನ್ನು ಮನೆಯಲ್ಲಿ ಹಾಯಾಗಿ ರೆಸ್ಟ್ ತೆಗೆದುಕೊಳ್ಳಲಿ ಎಂದು ಪ್ರೀತಿಯಿಂದಲೇ ಹೇಳಿದ. ಮಾಡಿನ ತಗಡಿನ ಮೇಲೆ ಮಳೆ ಅಷ್ಟು ಸದ್ದು ಮಾಡುತ್ತಿದ್ದರೂ ಒಳಗೆ ಎಲ್ಲ ಕೇಳಿಸಿತ್ತು. ನಾನು ಚೀಲ ತೆಗೆದುಕೊಳ್ಳಲು ಬಂದಾಗ ಹಸನಾಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

“ರೆಸ್ಟ್ ಅಂದ್ರೆ ಎಂತ ಗೊತ್ತುಂಟಾ ಮೇಡಂ? ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕ್ಲಿಕ್ಕೆ ಕಾರಣ ಇಲ್ಲದ್ದು.”

ನನಗೆ ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು, ಆದರೆ ಆ ದಿನ ಬಂದದ್ದು ಮನುಷ್ಯರ ಮೇಲಲ್ಲ, ಆ ಪುಟದ ಮೇಲೆ. ಲೋಕದಲ್ಲಿ ಎಲ್ಲರಿಗೂ ಎರಡು ಕೈ, ಹತ್ತು ಬೆರಳು ಇದ್ದೇ ಇರುತ್ತವೆ ಎಂದುಕೊಂಡು ಯಾರೋ ಎಲ್ಲೋ ಕೂತು ಮಾಡಿದ ಪುಟ. ಸ್ಕೂಟರಿನಲ್ಲಿ ಮರಳುವಾಗ ಕಂಕನಾಡಿ ದಾಟುವವರೆಗೂ ಅದಕ್ಕೆ ತುಳುವಿನಲ್ಲಿ ಬೈಯುತ್ತಾ ಬಂದೆ. ಮನೆ ತಲುಪುವ ಹೊತ್ತಿಗೆ ಏನು ಮಾಡಬೇಕೆಂದು ಹೊಳೆದಿತ್ತು. ಧಣಿಗೆ ಹೇಳಿದರೆ ಇದರಲ್ಲಿ ನಮಗೆ ಎಂತ ಉಂಟು ಎಂದು ಕೇಳುತ್ತಿದ್ದ, ಹಾಗಾಗಿ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟ ಮೇಲೆ ನೇರ ಪಡೀಲಿಗೆ ಹೋಗತೊಡಗಿದೆ.

ಉಪಾಯ ಸರಳವೇ. ಆ ಪುಟದ ಪಕ್ಕದಲ್ಲಿ ನನ್ನದೇ ಒಂದು ಸಣ್ಣ ಕಿಟಕಿ ತೆರೆದುಕೊಳ್ಳುವ ಹಾಗೆ ಮಾಡಿದೆ. ಅದರಲ್ಲಿ ದೊಡ್ಡ ದೊಡ್ಡ ಖಾನೆಗಳು. ದೊಡ್ಡಕ್ಷರ ಬೇಕಾದಾಗ ಶಿಫ್ಟ್ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಡ, ಅದು ತಾನೇ ಮಾಡಿಕೊಳ್ಳುತ್ತದೆ. ಹೊತ್ತಿನ ಮಿತಿಯಿಲ್ಲ. ಹಸನಾಕ ಎಡಗೈಯಲ್ಲಿ ಎಷ್ಟು ನಿಧಾನವಾಗಿಯಾದರೂ ಬರೆಯಲಿ, ನಡುವೆ ಚಾ ಕುಡಿಯಲಿ, ನಮಾಝಿಗೆ ಹೋಗಿ ಬರಲಿ. ಎಲ್ಲ ಮುಗಿದ ಮೇಲೆ ಹಸಿರು ಗುಂಡಿ ಒತ್ತಿದರೆ ಪ್ರೋಗ್ರಾಂ ವೀಸಾದ ಪುಟಕ್ಕೆ ಹೋಗಿ, ಕಾಣದ ಬೆರಳೊಂದು ಒತ್ತಿದ ಹಾಗೆ, ಅದೇ ಅಕ್ಷರಗಳನ್ನು ಒಂದೊಂದಾಗಿ ಒತ್ತುತ್ತದೆ. ಪುಟಕ್ಕೆ ಯಾರೋ ಕೂತು ಟೈಪ್ ಮಾಡುತ್ತಿದ್ದಾರೆ ಎಂದೇ ಅನಿಸಬೇಕು. ಹೀಗೆ ಕೀ ಒತ್ತಲೆಂದೇ ಜಾವಾದಲ್ಲಿ ಒಂದು ಸಲಕರಣೆ ಇದೆ. ಅದರ ಹೆಸರೇ ರೋಬೋಟ್.

ಮೊದಲ ಪರೀಕ್ಷೆಗೆ ನನ್ನ ಹೆಸರನ್ನೇ ಕೊಟ್ಟೆ. ಕಮಲ ಎಂದು ಕೊಟ್ಟರೆ ಪುಟದಲ್ಲಿ ಅಮಲ ಎಂದು ಬಿತ್ತು. ಇಂಗ್ಲಿಷಿನ ಮೊದಲ ಕೆ ಅಕ್ಷರ ಮಾಯ. ಹಸನಾಕ ಕನ್ನಡಕ ಸರಿಪಡಿಸಿಕೊಂಡು ಓದಿ, ನಿಮ್ಮ ರೋಬೋಟಿಗೆ ಅಮಲು ಹತ್ತಿದೆ ಮೇಡಂ ಎಂದರು. ಅವರ ಹೆಸರು ಕೊಟ್ಟರೆ ಅಸನ್ ಆಯಿತು. ನಝೀರನದ್ದು ಅಝೀರ್ ಆಯಿತು. ಇವನಿಗೆ ಹೀಗೇ ಆಗಬೇಕು ಎಂದು ಅಣ್ಣ ನಕ್ಕರೆ, ತಮ್ಮ ಕೌಂಟರಿನಿಂದಲೇ ಗೊಣಗಿದ.

ಯಾಕೆ ಹೀಗಾಗುತ್ತದೆ ಎಂದು ಅವರಿಗೆ ವಿವರಿಸಿದೆ. ಪ್ರೋಗ್ರಾಂ ಖಾನೆಯೊಳಗೆ ಹೋಗುತ್ತದೆ, ಆದರೆ ಖಾನೆ ಸಿದ್ಧವಾಗಲು ಒಂದು ಕ್ಷಣ ಬೇಕು. ಅಷ್ಟರೊಳಗೆ ಕೀ ಒತ್ತಿಬಿಟ್ಟರೆ ಆ ಅಕ್ಷರ ಗಾಳಿಗೆ ಹೋಗುತ್ತದೆ. ಹಸನಾಕ ಗಂಭೀರವಾಗಿ ಕೇಳಿಸಿಕೊಂಡರು.

“ಇಷ್ಟೆಲ್ಲ ಎಂತಕ್ಕೆ? ಅದು ಬಿಸ್ಮಿಲ್ಲಾ ಹೇಳದೆ ಶುರು ಮಾಡ್ತದೆ. ಮೊದಲಕ್ಷರ ಹೇಗೆ ನಿಲ್ತದೆ?”

ನಾನು ಗಟ್ಟಿಯಾಗಿ ನಕ್ಕೆ. ಆದರೆ ಆ ಮಧ್ಯಾಹ್ನವೆಲ್ಲ ಕಾಯುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದರೂ ಒಮ್ಮೆ ನಿಲ್ಲುವ ಅಕ್ಷರ ಇನ್ನೊಮ್ಮೆ ನಿಲ್ಲುತ್ತಿರಲಿಲ್ಲ. ನನ್ನ ಕೈಯಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು, ಕಾಯುವುದೆಂದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಕಡೆಗೆ ಬೇಸತ್ತು, ನೀವೇ ಒಮ್ಮೆ ಹೇಳಿ ಹಸನಾಕ, ಪೂರ್ತಿ ಹೇಳಿ, ಕೆಲಸ ಶುರುಮಾಡುವಾಗ ಹೇಳುವ ಹಾಗೇ ಹೇಳಿ ಎಂದೆ. ಅವರು ಕಣ್ಣು ಮುಚ್ಚಿ ಹೇಳಿದರು. ನಾನು ಹೊತ್ತು ಅಳೆದೆ, ಅಷ್ಟನ್ನೇ ಹಾಕಿದೆ. ಗುಂಡಿ ಒತ್ತಿದರೆ ಕಮಲ ಕಮಲವಾಗಿಯೇ ಬಿತ್ತು. ಪ್ರೋಗ್ರಾಮಿನಲ್ಲಿ ಇಂಥ ಪ್ರತಿ ಅಳತೆಗೂ ಒಂದು ಹೆಸರಿಡಬೇಕು. ನಾನು ಬಿಸ್ಮಿಲ್ಲಾ ಎಂದೇ ಇಟ್ಟೆ. ಅದನ್ನು ತೋರಿಸಿದಾಗ ಅವರು ಮುಖ ಆಚೆ ತಿರುಗಿಸಿ ಮಳೆ ನೋಡಿದರು. ಆ ದಿನದಿಂದ ನಾನು ಮೇಡಂ ಹೋಗಿ ಮಗಳೇ ಆದೆ.

ಜುಲೈ ಬಂತು. ಮಳೆ ಎಂದರೆ ಹಗಲಿಗೇ ದೀಪ ಹಾಕಬೇಕಾದ ಮಳೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ನಮ್ಮ ಕೆಲಸವೂ ಹಾಗೇ. ಇನ್ನೊಂದು ತೊಡಕು ಬಂತು. ನನ್ನ ಪ್ರೋಗ್ರಾಂ ಅಕ್ಷರಗಳನ್ನು ಒಮ್ಮೆಗೇ ಸುರಿಯುತ್ತಿತ್ತು, ಪುಟಕ್ಕೆ ಸಂಶಯ ಬಂದು ಎಲ್ಲ ನಿಲ್ಲಿಸಿಬಿಡುತ್ತಿತ್ತು. ನಿಧಾನ ಮಾಡಬೇಕು, ಆದರೆ ಎಷ್ಟು? ತನ್ನ ಹಳೇ ಸ್ಪೀಡಿಗೇ ಇಡು ಎಂದು ಹಸನಾಕ ಹೇಳಿ, ಎಡಗೈ ಬೆರಳುಗಳಿಂದ ಮೇಜಿನ ಮೇಲೆ ತಾಳ ಹಾಕಿ ತೋರಿಸಿದರು. ಹೆಸರಿನ ನಡುವೆ ಓಟ, ಒಂದು ಹೆಸರು ಮುಗಿದಲ್ಲಿ ಸಣ್ಣ ತಡೆ, ಅಂಕಿಗಳು ಬಂದಾಗ ಸ್ವಲ್ಪ ಹುಷಾರು. ನಾನು ಅದನ್ನೆಲ್ಲ ಹಾಗೆಯೇ ಬರೆದೆ. ಆಮೇಲೆ ಅವರು, ಸದ್ದಿಲ್ಲದ ಟೈಪಿಂಗ್ ಎಂತ ಟೈಪಿಂಗ್, ಸತ್ತವರ ಮನೆಯ ಹಾಗೆ ಉಂಟು ಎಂದರು. ಮಣ್ಣಗುಡ್ಡದ ಕಚೇರಿಯಲ್ಲಿ ಹಳೆಯದೊಂದು ದಪ್ಪ ಕೀಬೋರ್ಡಿತ್ತು. ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತಂದು ಪ್ರತಿ ಅಕ್ಷರಕ್ಕೂ ಜೋಡಿಸಿದೆ.

ಮೊದಲ ಸಲ ಆ ಸದ್ದಿನೊಡನೆ ಒಂದು ಅರ್ಜಿ ಇಡಿಯಾಗಿ ತುಂಬಿಕೊಂಡಾಗ ಹಸನಾಕ ಪರದೆ ನೋಡಲೇ ಇಲ್ಲ. ತಲೆ ತಗ್ಗಿಸಿ ಕೇಳುತ್ತಾ ಕೂತಿದ್ದರು. ಮುಗಿದ ಮೇಲೆ ಬಲಗೈಯ ಮೇಲಿನ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಾನು ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ತನ್ನ ಸ್ಪೀಡು ಇಷ್ಟು ಸ್ಲೋ ಇರಲಿಲ್ಲ ಎಂದು ತಕರಾರು ತೆಗೆದರು.

ಅರ್ಜಿಯ ಕೊನೆಯಲ್ಲಿ ಒಂದು ಚೌಕವಿತ್ತು, ‘ನಾನು ರೋಬೋಟ್ ಅಲ್ಲ’ ಎಂದು ಗುರುತು ಹಾಕಲು. ಅಲ್ಲಿಗೂ ನನ್ನ ರೋಬೋಟನ್ನೇ ಕಳಿಸಿ ನೋಡೋಣವೇ ಎಂದು ತಮಾಷೆ ಮಾಡಿದೆ. ಅವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

“ಬೇಡ. ಟೈಪ್ ಮಾಡ್ಲಿಕ್ಕೆ ಅದರ ಕೈ ಸಾಕು. ಅಲ್ಲಿ ‘ನಾನು’ ಅಂತ ಬರೆದದ್ದು ನನ್ನನ್ನು ಮಗಳೇ. ಅದನ್ನು ನಾನೇ ಒತ್ತಬೇಕು.”

ಆಮೇಲೆ ಪ್ರತಿ ಅರ್ಜಿಯಲ್ಲೂ ಆ ಚೌಕವನ್ನೂ ಕೊನೆಯ ಗುಂಡಿಯನ್ನೂ ಅವರೇ ಎಡಗೈಯಿಂದ ಒತ್ತಿದರು. ಗಿರಾಕಿಗಳು ಎದ್ದು ಹೋಗುವುದು ನಿಂತಿತು. ತಾನೇ ಟೈಪ್ ಮಾಡುವ ಕಂಪ್ಯೂಟರ್ ನೋಡಲೆಂದೇ ಕೆಲವರು ಬಂದರು. ಹಸನಾಕ ಗುಂಡಿ ಒತ್ತಿ ಕುರ್ಚಿಗೆ ಒರಗಿ, ಮಂತ್ರಿಗಳ ಗತ್ತಿನಲ್ಲಿ ಅವರ ಮುಖ ನೋಡುತ್ತಿದ್ದರು. ಹೊಸಬರನ್ನು ಕೂರಿಸುವ ಮಾತನ್ನು ನಝೀರ್ ಪುನಃ ಎತ್ತಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ಮಳೆ ಇನ್ನೂ ಬಾಕಿ ಇತ್ತು.

ಆಗಸ್ಟಿನಲ್ಲಿ ನಝೀರನ ಮಗಳು ರುಬೀನಾಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಮುಹಮ್ಮದ್ ಇರ್ಫಾನ್, ದುಬೈಯಲ್ಲಿ ಕೆಲಸ. ಎರಡೂ ಕಡೆಯ ನೆಂಟರನ್ನೆಲ್ಲ ಸೇರಿಸಿ ವಾಟ್ಸಪ್ಪಿನಲ್ಲಿ ಒಂದು ಮದುವೆ ಗುಂಪು ಹುಟ್ಟಿಕೊಂಡಿತು. ಹಾಲ್ ಯಾವುದು, ಬಿರಿಯಾನಿ ಯಾರದ್ದು ಎಂದು ಬೆಳಗಿನಿಂದ ಸಂಜೆಯವರೆಗೆ ಅದರಲ್ಲಿ ಚರ್ಚೆ. ನಝೀರ್ ಅದನ್ನು ಅಂಗಡಿಯ ಕಂಪ್ಯೂಟರಿನಲ್ಲೇ ತೆರೆದಿಟ್ಟುಕೊಂಡಿರುತ್ತಿದ್ದ.

ಆ ಶನಿವಾರ ನಾನೂ ಅಲ್ಲೇ ಇದ್ದೆ. ಹಸನಾಕ ಒಬ್ಬ ಗಿರಾಕಿಯ ಅರ್ಜಿ ಮುಗಿಸಿದ್ದರು. ಅವನು ಬಜಾಲಿನವನು, ಹೆಸರು ಮುಹಮ್ಮದ್ ಇರ್ಫಾನ್. ಬೇರೆ ಇರ್ಫಾನ್. ನಮ್ಮ ಊರಿನಲ್ಲಿ ಆ ಹೆಸರು ಕೂಗಿದರೆ ಪ್ರತಿ ಬಸ್ಸಿನಲ್ಲೂ ಒಬ್ಬ ತಿರುಗಿ ನೋಡುತ್ತಾನೆ. ಹಸನಾಕ ಹಸಿರು ಗುಂಡಿ ಒತ್ತಿದರು. ಪ್ರೋಗ್ರಾಂ ತ‌ನ್ನ ಬಿಸ್ಮಿಲ್ಲಾ ಮುಗಿಯುವುದನ್ನು ಕಾಯುತ್ತಿತ್ತು. ಏನೂ ನಡೆಯುತ್ತಿಲ್ಲ ಎಂದುಕೊಂಡ ನಝೀರ್, ಮದುವೆ ಹಾಲ್‌ನ ವಿಷಯ ಎಂತದೋ ಬಂದಿದೆ, ಒಂದು ಸೆಕೆಂಡ್ ಎನ್ನುತ್ತಾ ಅಣ್ಣನ ಹೆಗಲ ಮೇಲಿನಿಂದ ಕೈ ಚಾಚಿ ಮೌಸ್ ಹಿಡಿದು ಮದುವೆ ಗುಂಪಿನ ಮೇಲೆ ಒತ್ತಿದ. ರೋಬೋಟಿಗೆ ಕಣ್ಣಿರಲಿಲ್ಲ. ಎದುರಿಗೆ ಯಾವ ಕಿಟಕಿ ಇತ್ತೋ ಅದರಲ್ಲೇ ಟಕಟಕ ಶುರುಮಾಡಿತು. ವೀಸಾದ ಪುಟದಲ್ಲಿ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಲು ಎಂಟರ್ ಒತ್ತಬೇಕಿತ್ತು. ವಾಟ್ಸಪ್ಪಿನಲ್ಲಿ ಎಂಟರ್ ಒತ್ತಿದರೆ ಸಂದೇಶ ಹೊರಟುಹೋಗುತ್ತದೆ. ಹೀಗೆ ಮದುವೆ ಗುಂಪಿಗೆ ಒಂದರ ಹಿಂದೆ ಒಂದು ಹೋದವು: ಮುಹಮ್ಮದ್ ಇರ್ಫಾನ್. ವಿವಾಹಿತ. ಹೆಂಡತಿಯ ಹೆಸರು, ಸಫಿಯಾ.

ನಝೀರ್ ಹೌಹಾರಿ ಗೋಡೆಯ ಪ್ಲಗ್ಗನ್ನೇ ಕಿತ್ತ. ಅದೇ ಅನಾಹುತವಾಯಿತು. ಅರ್ಜಿಯ ಮುಂದಿನ ಸಾಲು ತಂದೆಯ ಹೆಸರು. ಅದೊಂದು ಹೋಗಿದ್ದರೆ ಇದು ಬೇರೆ ಇರ್ಫಾನ್ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹೋಗಲಿಲ್ಲ. ಕಂಪ್ಯೂಟರ್ ಆರಿತ್ತು, ಫೋನಿನಿಂದ ಅಳಿಸಲು ಹೊರಡುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ನಝೀರನ ಫೋನು ರಿಂಗಾಗಲು ಶುರುವಾದದ್ದು ನಿಲ್ಲಲೇ ಇಲ್ಲ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಕೆಲಸ. ನೆಂಟರಲ್ಲಿ ಅರ್ಧ ಜನ ಹುಡುಗನಿಗೆ ಮೊದಲೇ ಮದುವೆಯಾಗಿದೆ ಎಂದು ನಂಬಿದರು, ಉಳಿದರ್ಧ ಹುಡುಗಿಯ ಮನೆಯವರೇ ಅಪಪ್ರಚಾರ ಮಾಡುತ್ತಿದ್ದಾರೆ ಎಂದರು. ಬಜಾಲಿನ ಇರ್ಫಾನ್ ಪಾಪ, ತಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಬೆಂಚಿನಲ್ಲಿ ಮುದುಡಿ ಕೂತಿದ್ದ. ಕೊನೆಗೆ ನಝೀರ್ ಅವನನ್ನೇ ಕಾರಿನಲ್ಲಿ ಕೂರಿಸಿಕೊಂಡು ಹುಡುಗನ ಮನೆಗೆ ಹೋಗಿ, ಇಗೋ ಆ ಇರ್ಫಾನ್ ಎಂದು ತೋರಿಸಿ ಬರಬೇಕಾಯಿತು. ಮದುವೆ ಉಳಿಯಿತು.

ಉಳಿಯದೆ ಹೋದದ್ದು ಕುರ್ಚಿ. ಮರುದಿನ ನಝೀರ್ ನನಗೆ ಫೋನು ಮಾಡಿ, ಸಿಟ್ಟಿಲ್ಲದೆ, ಬಹಳ ದಣಿದ ಸ್ವರದಲ್ಲಿ ಹೇಳಿದ. “ಇನ್ನು ಸಾಕು ಮೇಡಂ. ನಿಮ್ಮದು ತಪ್ಪು ಅಂತ ನಾನು ಹೇಳುದಿಲ್ಲ. ಆದರೆ ಇಚ್ಚ ಇನ್ನು ಮನೆಯಲ್ಲೇ ಇರ್ಲಿ.” ಇಚ್ಚ ಎಂದರೆ ಅವರಲ್ಲಿ ಅಣ್ಣ. ಮಗಳ ಮದುವೆ ಮುರಿಯುವ ಹಂತಕ್ಕೆ ಹೋದದ್ದನ್ನು ಕಣ್ಣಾರೆ ಕಂಡವನು ಅವನು, ಸರಿ ಎಂದು ಫೋನು ಇಟ್ಟೆ.

ಮುಂದಿನ ಶನಿವಾರ ತಡೆಯಲಾರದೆ ಹೋದೆ. ಹಸನಾಕನ ಕುರ್ಚಿಯ ಮೇಲೆ ಒದ್ದೆ ರೈನ್‌ಕೋಟುಗಳನ್ನು ರಾಶಿ ಹಾಕಿದ್ದರು, ಅವುಗಳಿಂದ ನೀರು ಸೋರಿ ನೆಲದಲ್ಲಿ ನಿಂತಿತ್ತು. ಅಂಗಡಿಯ ಹಿಂದಿನ ಗುಡ್ಡದ ಮೇಲೆ ಅವರ ಮನೆ. ಮೆಟ್ಟಿಲು ಹತ್ತಿ ಹೋದೆ. ಹಸನಾಕ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಒಳಗೆ ಹೋಗಿ ಅಂಗಿ ತೊಟ್ಟು ಬಂದರು. ಅದಕ್ಕೆ ಇಸ್ತ್ರಿ ಇರಲಿಲ್ಲ.

ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಒಂದೇ ಉಸಿರಿಗೆ ವಿವರಿಸಿದೆ. ಈಗ ಪ್ರೋಗ್ರಾಮಿಗೆ ನೋಡಲು ಕಲಿಸಿದ್ದೇನೆ. ಬಿಸ್ಮಿಲ್ಲಾ ಮುಗಿದ ಕೂಡಲೇ ನೇರ ಒತ್ತುವುದಿಲ್ಲ. ಪುಟದ ಖಾನೆಗೆ ಕರ್ಸರ್ ಬಂದರೆ ಅದರ ಅಂಚು ನೀಲಿಯಾಗುತ್ತದಲ್ಲ, ಪರದೆಯಲ್ಲಿ ಆ ಬಣ್ಣ ಇದೆಯೇ ಎಂದು ಮೊದಲು ನೋಡುತ್ತದೆ. ಪ್ರತಿ ಅಕ್ಷರಕ್ಕೂ ನೋಡುತ್ತದೆ. ನೀಲಿ ಕಾಣದಿದ್ದರೆ ಕೈ ಎತ್ತಿಬಿಡುತ್ತದೆ. ಯಾರು ಮೌಸ್ ಮುಟ್ಟಿದರೂ ನಿಂತುಬಿಡುತ್ತದೆ. ಹಸನಾಕ ಕೇಳಿಸಿಕೊಂಡರು, ಚೆಂದ ಉಂಟು ಎಂದರು, ಒಳಗಿನಿಂದ ಬಂದ ಚಾವನ್ನು ನನ್ನ ಕಡೆಗೆ ಸರಿಸಿದರು.

“ಇದನ್ನು ಯಾರಿಗೆ ತೋರಿಸುದು ಮಗಳೇ? ನಝೀರನಿಗೆ ನಾನು ಹೇಳುದಿಲ್ಲ. ಅವನಿಗೆ ಒಬ್ಬಳೇ ಮಗಳು.”

ಗುಡ್ಡ ಇಳಿಯುವಾಗ ಅಳು ಬಂತು. ಮಳೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲವೆಂದು ಅತ್ತೆ.

ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಡತೊಡಗಿದಾಗ ನಿಖಾ ನಡೆಯಿತು. ಬಿರಿಯಾನಿ ಚೆನ್ನಾಗಿತ್ತು. ಹಸನಾಕ ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದರು, ನಾನು ದೂರದಿಂದಲೇ ಕೈ ಮುಗಿದು ಬಂದೆ. ಇದೆಲ್ಲ ಮುಗಿಯಿತು ಎಂದೇ ಅಂದುಕೊಂಡಿದ್ದೆ. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಝೀರನ ಫೋನು ಬಂತು. ಮಾತಿಗೆ ಪೀಠಿಕೆ ಹಾಕಲು ಅವನಿಗೆ ಬಹಳ ಕಷ್ಟವಾಗುತ್ತಿತ್ತು. ಆ ನಿಮ್ಮದು ಈಗ ಕೆಲಸ ಮಾಡ್ತದಾ ಎಂದು ಕೇಳಿದ.

ವಿಷಯ ಇಷ್ಟು. ಅಳಿಯ ಇರ್ಫಾನ್ ರುಬೀನಾಳನ್ನು ದುಬೈಗೆ ಕರೆದುಕೊಂಡು ಹೋಗಬೇಕಿತ್ತು. ಅವಳ ವೀಸಾಕ್ಕೆ ತನ್ನ ಹೆಸರಿನಲ್ಲಿ ಅರ್ಜಿ ಹಾಕಲು ಕಾಗದಪತ್ರ ಹಿಡಿದು ಮಾವನ ಅಂಗಡಿಗೇ ಬಂದಿದ್ದ. ಬೇಗ ಆಗಲಿ ಎಂದು ನಝೀರ್ ತಾನೇ ಟೈಪ್ ಮಾಡಲು ಕೂತ. ಆಗ ಅಳಿಯ ಅವನನ್ನು ತಡೆದನಂತೆ. “ಮಾವ, ನಿಖಾಕ್ಕಿಂತ ಮೊದಲೇ ನನಗೆ ಮದುವೆ ಮಾಡಿಸಿದವರು ಎಲ್ಲಿ? ಅವರೇ ಟೈಪ್ ಮಾಡ್ಲಿ.” ಅಷ್ಟು ದಿನ ಆ ಮಾತು ಬಂದಾಗಲೆಲ್ಲ ಮುಖ ಗಂಟುಹಾಕುತ್ತಿದ್ದ ನಝೀರ್ ಮೊದಲ ಸಲ ನಕ್ಕನಂತೆ. ನಕ್ಕು, ತಾನೇ ಗುಡ್ಡ ಹತ್ತಿ ಅಣ್ಣನನ್ನು ಕರೆಯಲು ಹೋದನಂತೆ.

ನಾನು ಧಣಿಗೆ ಏನೋ ಸುಳ್ಳು ಹೇಳಿ ಪಡೀಲಿಗೆ ಸ್ಕೂಟರ್ ಓಡಿಸಿದೆ. ಹೋಗಿ ಹೊಸ ಪ್ರೋಗ್ರಾಂ ಹಾಕುತ್ತಿರುವಾಗ ಹಸನಾಕ ಮೆಟ್ಟಿಲಿಳಿದು ಬಂದರು. ಅಂಗಿಯ ಇಸ್ತ್ರಿಯ ಗೆರೆ ಅಷ್ಟು ದೂರದಿಂದಲೇ ಕಾಣುತ್ತಿತ್ತು. ಅತ್ತರು ಎಂದಿಗಿಂತ ಜಾಸ್ತಿಯೇ ಇತ್ತು. ಕುರ್ಚಿಯ ಮೇಲಿನ ರೈನ್‌ಕೋಟುಗಳನ್ನು ನಝೀರ್ ಎರಡೂ ತೋಳಿನಲ್ಲಿ ಬಾಚಿ ಎತ್ತಿ, ಎಲ್ಲಿಡುವುದೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ನಿಂತ.

ಹಸನಾಕ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ನನ್ನ ಕಿಟಕಿ ತುಂಬಿದರು. ಎಷ್ಟು ಹೊತ್ತಾಯಿತೋ, ಯಾರೂ ಗಡಿಯಾರ ನೋಡಲಿಲ್ಲ. ನಾನೂ ನೋಡಲಿಲ್ಲ. ಆಮೇಲೆ ಹಸಿರು ಗುಂಡಿ ಒತ್ತಿದರು. ಪರದೆಯಲ್ಲಿ ಏನೂ ಆಗಲಿಲ್ಲ. ನಝೀರ್ ರೈನ್‌ಕೋಟುಗಳನ್ನು ಬೆಂಚಿನ ಮೇಲೆ ಹಾಕಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ನಾವು ಕಟ್ಟಿ ನಿಲ್ಲುತ್ತಿದ್ದೆವಲ್ಲ, ಹಾಗೆ. ಅಣ್ಣನ ಜೊತೆ ಅವನ ತುಟಿಯೂ ಆಡಿತು. ಟಕ್ ಎಂದಿತು. ಮುಹಮ್ಮದ್ ಇರ್ಫಾನ್. ವಿವಾಹಿತ. ಹೆಂಡತಿಯ ಹೆಸರು, ರುಬೀನಾ. ಒಂದು ಅಕ್ಷರವೂ ತಪ್ಪದೆ, ಎಲ್ಲಿ ಬೀಳಬೇಕೋ ಅಲ್ಲಿ ಬಿದ್ದವು. ಹಸನಾಕ ಕೊನೆಯ ಚೌಕವನ್ನು ತಾವೇ ಒತ್ತಿದರು. ಮುಂದಿನ ವಾರ ಹೋದಾಗ ನಝೀರ್ ಗೋಡೆಗೆ ಸಾಲಾಗಿ ಮೊಳೆ ಹೊಡೆದು ರೈನ್‌ಕೋಟುಗಳನ್ನು ಅಲ್ಲಿ ನೇತುಹಾಕಿದ್ದ.

ಆಮೇಲೆ ಮಣ್ಣಗುಡ್ಡದ ಕಂಪೆನಿ ಮುಚ್ಚಿತು, ನಾನು ಉಡುಪಿ ಕಡೆ ಪಾಠ ಹೇಳಲು ಹೋದೆ. ವೀಸಾದ ಪುಟ ರೂಪ ಬದಲಿಸಿದಾಗಲೆಲ್ಲ ಹಸನಾಕ ಫೋನು ಮಾಡುತ್ತಿದ್ದರು, ನಾನು ಪ್ರೋಗ್ರಾಂ ಸರಿಮಾಡಿ ಕಳಿಸುತ್ತಿದ್ದೆ. ಒಂದು ವರ್ಷ ಫೋನು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ನಾನಾಗಿ ಮಾಡಿ ಕೇಳಲು ಧೈರ್ಯವಾಗಲಿಲ್ಲ.

ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಬೆನ್ನ ಹಿಂದೆ ಅಂಗಡಿಯೊಳಗಿನಿಂದ ಟಕ್ ಎಂದು ಒಂದು ಸದ್ದು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ತಿರುಗಿ ಒಳಗೆ ಹೋದೆ. ಕೌಂಟರಿನಲ್ಲಿ ನಝೀರ್, ತಲೆಯೆಲ್ಲ ಬೆಳ್ಳಗಾಗಿತ್ತು. ಕುರ್ಚಿಯಲ್ಲಿ ಹಸನಾಕ. ಬಹಳ ಇಳಿದಿದ್ದರು, ಕತ್ತಿನ ಸುತ್ತ ಅಂಗಿ ದೊಡ್ಡದಾಗಿತ್ತು, ಆದರೆ ಇಸ್ತ್ರಿ ಇತ್ತು. ಬಲಗೈಯ ಮೇಲೆ ಕರವಸ್ತ್ರವಿತ್ತು. ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಕಮಲ ಅಲ್ವಾ? ಅಮಲು ಇಳಿದದ್ದಾ ಈಗ?”

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಫೋನು ಮಾಡುವುದನ್ನು ಯಾಕೆ ನಿಲ್ಲಿಸಿದಿರಿ ಎಂದು ಜಗಳಕ್ಕೇ ಇಳಿದೆ. ರುಬೀನಾ ದುಬೈಯಲ್ಲಿ ಕಂಪ್ಯೂಟರ್ ಕಲಿತಳಂತೆ. ಈಗ ಪುಟ ಬದಲಾದಾಗಲೆಲ್ಲ ಅಲ್ಲಿಂದಲೇ ಅವಳು ಸರಿಮಾಡುತ್ತಾಳಂತೆ, ಪಾಸ್‌ಪೋರ್ಟಿನ ಪುಟಕ್ಕೂ ಹೊಂದಿಸಿಕೊಟ್ಟಿದ್ದಾಳಂತೆ. ಏನು ಬೇಕಾದರೂ ಬದಲಾಯಿಸು, ಆ ಬಿಸ್ಮಿಲ್ಲಾವನ್ನು ಮಾತ್ರ ಮುಟ್ಟಬೇಡ ಎಂದು ಅವಳಿಗೆ ಹೇಳಿಟ್ಟಿದ್ದಾರಂತೆ.

ಮಸ್ಕತ್ತಿನ ತಂಗಿ ಬಾ ಬಾ ಎನ್ನುತ್ತಿದ್ದಾಳೆ, ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ ಎಂದು ಮಾತಿನ ನಡುವೆ ಹೇಳಿದೆ. ಹಸನಾಕ ಎದುರಿನ ಬೆಂಚು ತೋರಿಸಿ ಕೂತ್ಕೋ ಎಂದರು. ಆ ಅರ್ಜಿಯನ್ನು ನಾನೇ ಮನೆಯಲ್ಲಿ ಕೂತು ಕ್ಷಣದಲ್ಲಿ ತುಂಬಬಹುದಿತ್ತು. ಕೂತೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಅವರ ಎಡಗೈ ಒಂದೊಂದೇ ಅಕ್ಷರ ಹುಡುಕುವುದನ್ನು ನೋಡಿದೆ. ಹೊರಗೆ ನೀರು ಇಳಿದು ನನ್ನ ಬಸ್ಸು ಹಾರನ್ ಹಾಕಿಕೊಂಡು ಹೊರಟುಹೋಯಿತು. ನಾನು ಏಳಲಿಲ್ಲ.

ಕೊನೆಗೆ ಅವರು ಹಸಿರು ಗುಂಡಿ ಒತ್ತಿ ಕುರ್ಚಿಗೆ ಒರಗಿದರು. ಪರದೆಯಲ್ಲಿ ಏನೂ ಆಗಲಿಲ್ಲ. ಕೌಂಟರಿನಲ್ಲಿ ನಝೀರ್ ಯಾರೂ ಹೇಳದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹಸನಾಕನ ತುಟಿ ಆಡುತ್ತಿತ್ತು. ನನ್ನದೂ ಆಡುತ್ತಿತ್ತು ಎಂದು ನನಗೆ ಗೊತ್ತಾದದ್ದು ಅದು ಮುಗಿದ ಮೇಲೆ. ಆಗ ಟಕ್ ಎಂದಿತು, ಕೆ ಬಿತ್ತು.